ತೊಗರಿ ದರದ ಪ್ರಶ್ನೆಯನ್ನು ಯಾವ ವಿಭಾಗಕ್ಕೆ ಕೇಳಬೇಕು?

ತೊಗರಿ ಬೆಳೆಯುವ ನಾಡಿನ ಮಕ್ಕಳಿಗೆ ತೊಗರಿ ದರ ಯಾಕೆ ಏರುತ್ತದೆ, ಯಾಕೆ ಬೀಳುತ್ತದೆ ಎಂದು ಪೂರ್ತಿಯಾಗಿ ಬಿಡಿಸಿ ಹೇಳುವ ತರಗತಿಯನ್ನು ನಾನು ಎಲ್ಲೂ ಕಂಡಿಲ್ಲ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಪದವಿ ಕಾಲೇಜುಗಳ ಬಗ್ಗೆ ನನ್ನ ದೊಡ್ಡ ಕೊರಗು ಇದೇ. ಅರ್ಥಶಾಸ್ತ್ರದವರು ಸ್ವಲ್ಪ ಹೇಳುತ್ತಾರೆ. ರಾಜ್ಯಶಾಸ್ತ್ರದವರು ಬೇರೆ ಏನನ್ನೋ ಹೇಳುತ್ತಾರೆ. ಉಳಿದ ಅರ್ಧ ಉತ್ತರವನ್ನು ಹೇಳಬೇಕಾದ ವಿಭಾಗ ಹೆಚ್ಚಿನ ಕಾಲೇಜುಗಳಲ್ಲಿ ಇಲ್ಲವೇ ಇಲ್ಲ.

ಒಂದು ನಿಜವಾದ ಉದಾಹರಣೆ ನೋಡಿ. 2015ರಲ್ಲಿ ತೊಗರಿ ಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ನಗರಗಳಲ್ಲಿ ಕೂಗೆದ್ದಿತು. 2016ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಫ್ರಿಕಾದ ಮೊಜಾಂಬಿಕ್ ದೇಶದ ಜೊತೆ ಒಪ್ಪಂದ ಮಾಡಿಕೊಂಡಿತು. ಮೊದಲು ವರ್ಷಕ್ಕೆ 1 ಲಕ್ಷ ಟನ್, ಮುಂದೆ ಏರುತ್ತಾ 2 ಲಕ್ಷ ಟನ್‌ವರೆಗೆ ಬೇಳೆಕಾಳು ತರಿಸುವ ಒಪ್ಪಂದ ಅದು. ಅದೇ ವರ್ಷ ಮಳೆ ಚೆನ್ನಾಗಿ ಬಂತು. ಹಿಂದಿನ ವರ್ಷದ ದರ ನೋಡಿದ್ದ ರೈತರು ತೊಗರಿಯನ್ನೇ ಜಾಸ್ತಿ ಬಿತ್ತಿದ್ದರು. ರಾಶಿಯಾಗಿ ಮಾಲು ಗಂಜಿಗೆ, ಅಂದರೆ ಸಗಟು ಮಾರುಕಟ್ಟೆಗೆ ಬಂತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇತ್ತು. ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಇಳಿಯಿತು. ಖರೀದಿ ಕೇಂದ್ರಗಳ ಮುಂದೆ ರೈತರು ಸಾಲುಗಟ್ಟಿ ನಿಂತರು. ತೊಗರಿ ಆಮದಿಗೆ ಮಿತಿ ಬಂದಿದ್ದು 2017ರ ಆಗಸ್ಟ್‌ನಲ್ಲಿ. ರಫ್ತಿಗೆ ಇದ್ದ ತಡೆ ತೆಗೆದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟೊತ್ತಿಗೆ ಸಣ್ಣ ರೈತರ ಚೀಲ ಖಾಲಿಯಾಗಿತ್ತು. ಅವರು ಮುಂದಿನ ಬಿತ್ತನೆಯನ್ನೂ ಮುಗಿಸಿದ್ದರು.

ಇದರಲ್ಲಿ ಅರ್ಥಶಾಸ್ತ್ರ ಎಲ್ಲಿ ಮುಗಿಯಿತು, ರಾಜಕೀಯ ಎಲ್ಲಿ ಶುರುವಾಯಿತು? ಹೋದ ವರ್ಷದ ದರ ನೋಡಿ ಈ ವರ್ಷ ಬಿತ್ತುವುದು, ಎಲ್ಲರೂ ಬಿತ್ತಿದ್ದರಿಂದಲೇ ದರ ಬೀಳುವುದು, ಇದು ಅರ್ಥಶಾಸ್ತ್ರ. ನಗರದ ಗ್ರಾಹಕರ ಸಿಟ್ಟು ದೆಹಲಿಗೆ ತಿಂಗಳಲ್ಲಿ ಕೇಳಿಸುತ್ತದೆ, ಅಫಜಲಪುರದ ರೈತನ ಸಂಕಟ ಕೇಳಿಸಲು ಒಂದು ಸುಗ್ಗಿಯೇ ಕಳೆಯಬೇಕು. ಇದು ರಾಜಕೀಯ. ಇನ್ನೊಂದು ಪ್ರಶ್ನೆ ಇದೆ. ಬೆಂಗಳೂರಿನ ಕೂಲಿಕಾರನ ತಟ್ಟೆಗೆ ಬೇಳೆ ಅಗ್ಗವಾಗಿ ಸಿಗಬೇಕು. ಜೇವರ್ಗಿಯ ರೈತನಿಗೆ ಒಳ್ಳೆಯ ದರ ಸಿಗಬೇಕು. ಇಬ್ಬರೂ ಬಡವರು. ಎಷ್ಟೋ ಸಲ ಆ ಕೂಲಿಕಾರ ಇದೇ ರೈತನ ಒಡಹುಟ್ಟಿದ ತಮ್ಮ. ಇಬ್ಬರಲ್ಲಿ ಯಾರ ಕಡೆಗೆ ಸರ್ಕಾರ ವಾಲಿದರೆ ಅದು ನ್ಯಾಯ? ಈ ಪ್ರಶ್ನೆಗೆ ಅಂಕಿ ಅಂಶಗಳಿಂದ ಉತ್ತರ ಸಿಗುವುದಿಲ್ಲ. ಚುನಾವಣೆಯಿಂದಲೂ ಸಿಗುವುದಿಲ್ಲ. ನ್ಯಾಯ ಅಂದರೆ ಏನು ಎಂದು ಕುಳಿತು ಯೋಚಿಸಬೇಕು. ಅದಕ್ಕೇ ತತ್ತ್ವಶಾಸ್ತ್ರ ಬೇಕು.

ಈ ಮೂರನ್ನೂ ಒಟ್ಟಿಗೆ ಓದಿಸುವ ಪದವಿ ನಾನಿರುವ ದೇಶದಲ್ಲಿ ಹುಟ್ಟಿ ನೂರು ವರ್ಷ ದಾಟಿದೆ. ನಾನು ಆಳಂದ ತಾಲ್ಲೂಕಿನವನು, ಕಲಬುರಗಿಯಲ್ಲಿ ಬಿ.ಎ. ಓದಿದವನು. ಈಗ ಉತ್ತರ ಇಂಗ್ಲೆಂಡಿನ ಲೀಡ್ಸ್ ಹತ್ತಿರ ಸಂಸಾರ ಸಮೇತ ಇದ್ದೇನೆ. ನನ್ನ ಮಗಳು ಇಲ್ಲಿ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಸೇರಿದ ಪದವಿ ಓದುತ್ತಿದ್ದಾಳೆ. ಇಲ್ಲಿ ಅದನ್ನು ಸುಮ್ನೆ ಪಿಪಿಇ ಅನ್ನುತ್ತಾರೆ. ನಮ್ಮ ಅಣ್ಣನ ಮಗ ಕಲಬುರಗಿಯಲ್ಲಿ ಬಿ.ಎ. ಮಾಡುತ್ತಿದ್ದಾನೆ. ಇಬ್ಬರದ್ದೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಇಬ್ಬರ ಓದನ್ನೂ ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿದೆ. ಅದಕ್ಕೇ ಈ ಮಾತು.

ಪಿಪಿಇ ಶುರುವಾಗಿದ್ದು 1920ರಲ್ಲಿ, ಆಕ್ಸ್‌ಫರ್ಡಿನಲ್ಲಿ. ಅದಕ್ಕೂ ಮುಂಚೆ ಅಲ್ಲಿ ದೊಡ್ಡ ಹುದ್ದೆಗೆ ಹೋಗುವವರ ಮುಖ್ಯ ಓದು ಗ್ರೀಕ್, ಲ್ಯಾಟಿನ್ ಮತ್ತು ಹಳೆಯ ತತ್ತ್ವಜ್ಞಾನ. ಮೊದಲ ಮಹಾಯುದ್ಧ ಮುಗಿದಿತ್ತು. ಆಡಳಿತ, ವ್ಯಾಪಾರ, ಕಾರ್ಮಿಕರ ಹಕ್ಕು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಈ ಕಾಲಕ್ಕೆ ಬೇಕಾದ ಹೊಸ ಓದು ಬೇಕು ಎಂದು ಇದನ್ನು ತಂದರು. ಮೊದಲ ವರ್ಷ ಮೂರೂ ವಿಷಯ ಕಡ್ಡಾಯ. ಆಮೇಲೆ ಬೇಕಾದರೆ ಒಂದನ್ನು ಬಿಟ್ಟು ಎರಡರಲ್ಲಿ ಮುಂದುವರಿಯಬಹುದು. ಈಗ ಯಾರ್ಕ್, ವಾರ್ವಿಕ್, ಮ್ಯಾಂಚೆಸ್ಟರ್, ಡರಮ್ ಹೀಗೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಈ ಪದವಿ ಇದೆ. ನಮ್ಮ ದೇಶದಲ್ಲೂ ಹರಿಯಾಣದ ಅಶೋಕ ವಿಶ್ವವಿದ್ಯಾಲಯ ಇದನ್ನು ಕಲಿಸುತ್ತದೆ. ಅದು ಖಾಸಗಿ. ಅಲ್ಲಿನ ಫೀಸು ನಮ್ಮ ಸುರಪುರದ, ಔರಾದದ ಮನೆಗಳಿಗೆ ಎಟುಕುವಂಥದ್ದಲ್ಲ.

ಮೂರನ್ನು ಜೋಡಿಸಿದ್ದು ಆಕ್ಸ್‌ಫರ್ಡಿನವರ ಹೊಸ ಶೋಧ ಅಂತ ಹೇಳಲಾರೆ. ಒಂದು ಕಾಲಕ್ಕೆ ಇವು ಬೇರೆ ಬೇರೆ ಇರಲೇ ಇಲ್ಲ. ಅರ್ಥಶಾಸ್ತ್ರದ ಪಿತಾಮಹ ಎಂದು ನಮ್ಮ ಪುಸ್ತಕಗಳಲ್ಲಿ ಬರುವ ಆಡಂ ಸ್ಮಿತ್ ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕ. ರಾಷ್ಟ್ರಗಳ ಸಂಪತ್ತಿನ ಬಗ್ಗೆ 1776ರಲ್ಲಿ ಬರೆಯುವ ಮುಂಚೆಯೇ, 1759ರಲ್ಲಿ, ಅವನು ಮನುಷ್ಯರ ನೈತಿಕ ಭಾವನೆಗಳ ಬಗ್ಗೆ ಪುಸ್ತಕ ಬರೆದಿದ್ದ. ನಮ್ಮ ಬಿ.ಎ. ಪಠ್ಯದಲ್ಲಿ ಎರಡನೆಯ ಸ್ಮಿತ್ ಮಾತ್ರ ಸಿಗುತ್ತಾನೆ. ಮೊದಲನೆಯ ಸ್ಮಿತ್ ಸಿಗುವುದಿಲ್ಲ. ಹೀಗಾಗಿ ಅವನು ಬರೀ ಲಾಭದ ವಕೀಲ ಅನ್ನುವ ತಪ್ಪು ಚಿತ್ರ ಉಳಿದುಬಿಡುತ್ತದೆ.

ಇಲ್ಲಿನ ಪದ್ಧತಿಯಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಪಠ್ಯಕ್ಕಿಂತ ಜಾಸ್ತಿ ಅದನ್ನು ಕಲಿಸುವ ರೀತಿ. ಮಗಳಿಗೆ ಒಂದು ಪ್ರಶ್ನೆ ಕೊಡುತ್ತಾರೆ. ಓದಬೇಕಾದ ಪುಸ್ತಕಗಳ ಪಟ್ಟಿ ಕೊಡುತ್ತಾರೆ. ಅವಳು ಪ್ರಬಂಧ ಬರೆಯಬೇಕು. ಆಮೇಲೆ ಸಣ್ಣ ಗುಂಪಿನಲ್ಲಿ ಮೇಷ್ಟ್ರ ಎದುರು ಕೂತು ಅದನ್ನು ಸಮರ್ಥಿಸಿಕೊಳ್ಳಬೇಕು. ಕನಿಷ್ಠ ಕೂಲಿ ಅನ್ನುವ ಒಂದೇ ವಿಷಯವನ್ನು ಅವಳು ಮೂರು ಸಲ ಓದಿದಳು. ಬ್ರಿಟನ್ನಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ಕೂಲಿ ಜಾರಿಗೆ ಬಂದಿದ್ದು 1999ರಲ್ಲಿ, ಗಂಟೆಗೆ 3.60 ಪೌಂಡ್. ಕೂಲಿ ಏರಿಸಿದರೆ ಕೆಲಸ ಕಡಿಮೆಯಾಗುತ್ತದೆಯೇ? ಇದು ಅರ್ಥಶಾಸ್ತ್ರದ ಪ್ರಬಂಧ. ಮಾಲೀಕರು, ಕಾರ್ಮಿಕ ಸಂಘದವರು, ಪ್ರಾಧ್ಯಾಪಕರು ಒಂದೇ ಆಯೋಗದಲ್ಲಿ ಕೂತು ದರ ಸೂಚಿಸುವ ಏರ್ಪಾಡು ಹೇಗೆ ಬಂತು? ಇದು ರಾಜಕೀಯದ್ದು. ನ್ಯಾಯವಾದ ಕೂಲಿ ಅಂತ ಒಂದಿದೆಯೇ, ಅಥವಾ ಇಬ್ಬರು ಒಪ್ಪಿದ್ದೆಲ್ಲ ನ್ಯಾಯವೇ? ಇದು ತತ್ತ್ವಶಾಸ್ತ್ರದ್ದು. ಮೂರನೆಯದನ್ನು ಬರೆಯುವಾಗ ಅವಳು ಮೊದಲನೆಯದರಲ್ಲಿ ತಾನೇ ಬರೆದಿದ್ದನ್ನು ಪ್ರಶ್ನಿಸಿಕೊಂಡಳು. ನನಗೆ ನಿಜವಾಗಿ ಸಂತೋಷವಾಯಿತು. ಇಪ್ಪತ್ತು ದಾಟದ ಹುಡುಗಿ ತನ್ನ ಮಾತನ್ನು ತಾನೇ ತಿರುಗಿ ನೋಡುವುದನ್ನು ಕಲಿಯುತ್ತಿದ್ದಾಳೆ.

ಈಗ ನಮ್ಮ ಕಡೆ ಬನ್ನಿ. ನಮ್ಮ ಭಾಗದಲ್ಲಿ ಬಿ.ಎ. ಅಂದರೆ ಎಚ್‌ಇಪಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ತಲೆಮಾರುಗಳೇ ಇದನ್ನು ಓದಿವೆ. ನೋಡಿದರೆ ಮೂರರಲ್ಲಿ ಎರಡು ವಿಷಯ ನಮ್ಮ ಕೈಯಲ್ಲಿ ಆಗಲೇ ಇವೆ, ಇತಿಹಾಸ ಹೆಚ್ಚುವರಿ ಲಾಭ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ, ಮೂರು ಮುಖ್ಯ ವಿಷಯಗಳ ಪದ್ಧತಿಗೆ ಮರಳಿದೆ. ಅಂದರೆ ಚೌಕಟ್ಟಿನ ಕೊರತೆ ಇಲ್ಲ. ಕೊರತೆ ಇರುವುದು ಬೇರೆ ಕಡೆ. ಮೂರು ವಿಷಯಕ್ಕೆ ಮೂವರು ಮೇಷ್ಟ್ರು, ಮೂರು ಪತ್ರಿಕೆ, ಮೂರು ಗೈಡು. ಒಂದು ವಿಷಯದ ಪ್ರಶ್ನೆ ಇನ್ನೊಂದರ ಅಂಗಳಕ್ಕೆ ಕಾಲಿಡುವುದಿಲ್ಲ. ಅಣ್ಣನ ಮಗನಿಗೆ ತೊಗರಿಯ ವಿಚಾರ ಕೇಳಿದಾಗ ಅವನು ಹೇಳಿದ್ದು ಹೀಗೆ: "ಕಾಕಾ, ಗಂಜಿನ್ಯಾಗ ರೇಟ್ ಯಾಕ ಬಿತ್ತು ಅಂತ ನಮ್ಮ ಅಪ್ಪಗ ಗೊತ್ತು, ನನಗೂ ಗೊತ್ತು. ಆದ್ರ ಪರೀಕ್ಷಾದಾಗ ಬೇಡಿಕೆಯ ನಿಯಮ ವಿವರಿಸಿ ಅಂತಾರ. ಅದಕ್ಕೂ ಇದಕ್ಕೂ ಸಂಬಂಧ ಅದ ಅಂತ ಯಾರೂ ಹೇಳಿಲ್ಲ."

ಈ ಹುಡುಗನ ತಿಳಿವಳಿಕೆಯನ್ನು ನಾನು ಕಡಿಮೆ ಅಂತ ನೋಡುವುದಿಲ್ಲ. ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಅಡತ್ ಅಂಗಡಿಯಲ್ಲಿ, ಅಂದರೆ ಗಂಜಿನ ದಲ್ಲಾಳಿಯ ಹತ್ತಿರ, ಮುಂಗಡ ಪಡೆದರೆ ಮಾಲು ಅಲ್ಲೇ ಹಾಕಬೇಕಾಗುತ್ತದೆ, ದರ ಏರುವ ತನಕ ಕಾಯಲು ಆಗುವುದಿಲ್ಲ ಎಂದು ಅವನಿಗೆ ಗೊತ್ತು. ನನ್ನ ಮಗಳು ಇದನ್ನು ಪುಸ್ತಕದಲ್ಲಿ ಓದಿ ಅರ್ಥ ಮಾಡಿಕೊಳ್ಳಬೇಕು. ಅವಳಿಗೆ ವಾದ ಮಾಡಲು ಬರುತ್ತದೆ, ವಾದಕ್ಕೆ ಬೇಕಾದ ನೆಲದ ಅನುಭವ ಕಮ್ಮಿ. ಅವನಿಗೆ ಅನುಭವ ಇದೆ, ಅದನ್ನು ವಾದವಾಗಿ ಕಟ್ಟುವುದನ್ನು ಯಾರೂ ಕಲಿಸಿಲ್ಲ. ಈ ಎರಡನ್ನೂ ಒಂದೇ ತರಗತಿಯಲ್ಲಿ ಸೇರಿಸಬಹುದಾದ ಜಾಗ ಕಲಬುರಗಿಯೇ ಹೊರತು ಲೀಡ್ಸ್ ಅಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಮೇಷ್ಟ್ರುಗಳನ್ನು ದೂರುವ ಮನಸ್ಸು ನನಗಿಲ್ಲ. ಬಹಳ ಕಡೆ ಪಾಠ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ಮೇಲೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ತಿಳಿಯದವರಿಗೆ ಹೊಸ ಪಠ್ಯ ಕಟ್ಟಿ ಎಂದು ದೂರದಲ್ಲಿ ಕೂತು ಹೇಳುವುದು ಸರಿಯಲ್ಲ.

ತತ್ತ್ವಶಾಸ್ತ್ರ ನಮ್ಮ ಪದವಿಗಳಿಂದ ಯಾಕೆ ದೂರ ಉಳಿಯಿತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಜನ ಅದನ್ನು ಪ್ರವಚನ ಅಂದುಕೊಂಡಿದ್ದಾರೆ. ವಯಸ್ಸಾದ ಮೇಲೆ ಕೇಳುವಂಥದ್ದು, ಹೊಟ್ಟೆಪಾಡಿಗೆ ಸಂಬಂಧ ಇಲ್ಲದ್ದು ಎಂಬ ಭಾವನೆ ಇದೆ. ಇದು ಬೇರೆ ಊರಿನಲ್ಲಾದರೆ ಅಷ್ಟು ಬೇಸರ ಆಗುತ್ತಿರಲಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ತತ್ತ್ವ ಎಂದೂ ಹೊಟ್ಟೆಪಾಡನ್ನು, ರಾಜ್ಯವನ್ನು ಬಿಟ್ಟು ಬದುಕಿದ್ದೇ ಇಲ್ಲ.

ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ ಅವನ 12ನೇ ಶಾಸನವೂ ಇದೆ. ಬೇರೆಯವರ ಪಂಥವನ್ನು ಗೌರವಿಸಬೇಕು, ತನ್ನದನ್ನೇ ಹೊಗಳಿ ಇನ್ನೊಬ್ಬರದನ್ನು ತೆಗಳಬಾರದು ಎಂದು ಒಬ್ಬ ಚಕ್ರವರ್ತಿ ಹೇಳುವ ಶಾಸನ ಅದು. ಹಲವು ನಂಬಿಕೆಗಳ ಜನರನ್ನು ಒಂದು ರಾಜ್ಯ ಹೇಗೆ ಆಳಬೇಕು? ಇಂಗ್ಲೆಂಡಿನ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು 17ನೇ ಶತಮಾನದ ಯುರೋಪಿನಿಂದ ಓದಲು ಶುರುಮಾಡುತ್ತಾರೆ. ನಮ್ಮ ಹುಡುಗರು ಚಿತ್ತಾಪುರ ತಾಲ್ಲೂಕಿನಿಂದ ಶುರುಮಾಡಬಹುದು. ಅಲ್ಲಿಂದ ತುಸು ದೂರದ ಮಳಖೇಡದಲ್ಲಿ, ಕಾಗಿಣಾ ದಂಡೆಯ ಮೇಲೆ, 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಆಸ್ಥಾನದಿಂದ ಬಂದ ಕವಿರಾಜಮಾರ್ಗ ಇನ್ನೊಬ್ಬರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತು ಎಂದಿತು.

ಇದಕ್ಕಿಂತಲೂ ಗಟ್ಟಿಯಾದ ಉದಾಹರಣೆ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ಗ್ರಂಥ. ಅದನ್ನು ಬರೆದ ವಿಜ್ಞಾನೇಶ್ವರನ ಊರು ಶಹಾಬಾದ ಹತ್ತಿರದ ಮರತೂರು ಎನ್ನುತ್ತಾರೆ. ಅವನಿದ್ದದ್ದು ಕಲ್ಯಾಣದಲ್ಲಿ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಬಂಗಾಳದ ಕಡೆ ಬಿಟ್ಟರೆ ದೇಶದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ನಡೆದದ್ದು ಈ ಗ್ರಂಥದ ಆಧಾರದ ಮೇಲೆ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ ಇದರ ಆಸ್ತಿ ಭಾಗವನ್ನು ಇಂಗ್ಲಿಷಿಗೆ ತಂದ. ಬ್ರಿಟಿಷರ ಕೋರ್ಟುಗಳು ಅದನ್ನೇ ಹಿಡಿದು ತೀರ್ಪು ಕೊಟ್ಟವು. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ಬಂಗಾಳದಲ್ಲಿ ನಡೆಯುತ್ತಿದ್ದ ದಾಯಭಾಗ ಎಂಬ ಗ್ರಂಥದ ಪ್ರಕಾರ ತಂದೆ ತೀರಿದ ಮೇಲೆ ಮಾತ್ರ.

ಹುಟ್ಟಿದ್ದಕ್ಕೇ ಆಸ್ತಿಯ ಹಕ್ಕು ಬರುತ್ತದೆ ಅಂದರೆ ಯಾಕೆ? ದುಡಿದವನಿಗಲ್ಲವೇ ಹಕ್ಕು? ಹುಟ್ಟಿನಿಂದ ಬರುವುದಾದರೆ ಮಗಳಿಗೆ ಯಾಕೆ ಇಲ್ಲ? ಇಲ್ಲಿಂದ ತತ್ತ್ವಶಾಸ್ತ್ರದ ಒಂದು ಇಡೀ ವರ್ಷದ ಪಾಠ ಮಾಡಬಹುದು. ಕರ್ನಾಟಕ 1994ರಲ್ಲಿ ಕಾನೂನು ತಿದ್ದಿ ಹೆಣ್ಣುಮಕ್ಕಳಿಗೂ ಈ ಹಕ್ಕು ಕೊಟ್ಟಿತು. ಕೇಂದ್ರ 2005ರಲ್ಲಿ ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್, 2005ಕ್ಕೆ ತಂದೆ ಬದುಕಿರಲಿ ಬಿಡಲಿ ಮಗಳಿಗೆ ಹಕ್ಕಿದೆ ಎಂದು ಹೇಳಿತು. ಇದು ರಾಜಕೀಯ ಮತ್ತು ಕಾನೂನು. ಆದರೂ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಕೊಡುತ್ತಾರೆ. ತವರಿಗೆ ಬಂದು ಹೋಗುವ ಬಾಗಿಲು ತೆರೆದಿರಲಿ ಅಂತ. ನಾಲ್ಕು ಎಕರೆ ಮತ್ತೆ ಮತ್ತೆ ಒಡೆದರೆ ಯಾರ ಕೈಯಲ್ಲೂ ಬದುಕುವಷ್ಟು ಹೊಲ ಉಳಿಯುವುದಿಲ್ಲ ಎಂಬ ಮಾತೂ ಸುಳ್ಳಲ್ಲ. ಇದು ಅರ್ಥಶಾಸ್ತ್ರ. ಒಂದು ಸಹಿಯ ಹಿಂದೆ ಇಷ್ಟೆಲ್ಲ ಇದೆ. ಮರತೂರಿನ ಹತ್ತಿರದ ಕಾಲೇಜಿನಲ್ಲಿ ಕೂತ ಹುಡುಗಿಗೆ ಇದನ್ನು ಓದಿಸದಿದ್ದರೆ ಬೇರೆ ಯಾರಿಗೆ ಓದಿಸಬೇಕು?

ಕಲ್ಯಾಣದ ಶರಣರ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು. ಕಾಯಕ, ದಾಸೋಹ ಅಂದಾಗ ಅವರ ಕೈಯಲ್ಲಿ ಲೆಕ್ಕದ ಪುಸ್ತಕವೂ ಇತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲೇ ಹಾಕಿ ಬಾ ಎಂದು ಕಳಿಸಿದ ಕತೆ ನಮ್ಮ ಮನೆಮನೆಯಲ್ಲಿ ಗೊತ್ತು. ಎಷ್ಟು ಸಾಕು ಎಂಬ ಪ್ರಶ್ನೆ ಇವತ್ತಿನ ಅರ್ಥಶಾಸ್ತ್ರದ ಪುಸ್ತಕದಲ್ಲಿ ಸಿಗುವುದೇ ಇಲ್ಲ. ಅಲ್ಲಿ ಜಾಸ್ತಿ ಇದ್ದರೆ ಒಳ್ಳೆಯದು ಎಂದು ಹಿಡಿದುಕೊಂಡೇ ಲೆಕ್ಕ ಶುರುವಾಗುತ್ತದೆ. ಮಗಳಿಗೆ ಈ ಕತೆ ಹೇಳಿದೆ. ಅವಳು ತನ್ನ ತರಗತಿಯಲ್ಲಿ ಇದನ್ನು ಮುಂದಿಟ್ಟು ಮಾತಾಡಿದಳು. ನಮ್ಮಲ್ಲಿ ಜಯಂತಿ ದಿನ ಹಾರ ಹಾಕಿ ಭಾಷಣ ಕೇಳಿ ಬರುತ್ತೇವೆ. ಅದೇ ಲಕ್ಕಮ್ಮನನ್ನು ಅರ್ಥಶಾಸ್ತ್ರದ ತರಗತಿಗೆ ಕರೆಯುವುದಿಲ್ಲ. ಇದು ನನಗೆ ನೋವಿನ ಸಂಗತಿ.

ಬೀದರದ ಮಹಮೂದ್ ಗವಾನನನ್ನೂ ಬಿಡುವಂತಿಲ್ಲ. ಇರಾನಿನ ಗಿಲಾನಿನಿಂದ ವ್ಯಾಪಾರಿಯಾಗಿ ಬಂದ, ಬಹಮನಿ ರಾಜ್ಯದ ವಜೀರನಾದ, 1472ರಲ್ಲಿ ಮದರಸಾ ಕಟ್ಟಿಸಿದ. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ಪ್ರಾಂತಾಧಿಕಾರಿಗಳ ಬಲ ಕುಗ್ಗಿಸಿದ. ಭೂಮಿ ಅಳತೆ ಮಾಡಿಸಿ ಕಂದಾಯ ಗೊತ್ತುಮಾಡಲು ಹೊರಟ. ಅಧಿಕಾರ ಕಳೆದುಕೊಂಡವರು ಸುಮ್ಮನಿರಲಿಲ್ಲ. ಅವನ ಮುದ್ರೆಯ ಸುಳ್ಳು ಪತ್ರ ಹುಟ್ಟಿಸಿದರು. 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಆಮೇಲೆ ರಾಜ್ಯವೂ ಒಡೆಯಿತು. ಒಳ್ಳೆಯ ಸುಧಾರಣೆಗಳು ಯಾಕೆ ಸೋಲುತ್ತವೆ ಎಂದು ಓದಲು ಬೇರೆ ದೇಶದ ಉದಾಹರಣೆ ಯಾಕೆ ಬೇಕು? ಆ ಮದರಸಾ ಇನ್ನೂ ನಿಂತಿದೆ, ಅರ್ಧ ಗೋಡೆಯ ಮೇಲೆ ನೀಲಿ ಹೆಂಚುಗಳ ಸಮೇತ.

ಹಾಗಂತ ಇಲ್ಲಿನ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಬರಬೇಕು ಎಂದು ನಾನು ಹೇಳುವುದಿಲ್ಲ. ಅದರ ದೋಷಗಳನ್ನೂ ನೋಡುತ್ತಿದ್ದೇನೆ. ಆಕ್ಸ್‌ಫರ್ಡಿನ ಪಿಪಿಇ ಬಹಳ ಕಾಲ ಆಳುವವರ ಓದಾಗಿ ಉಳಿಯಿತು. ಹೆರಾಲ್ಡ್ ವಿಲ್ಸನ್, ಎಡ್ವರ್ಡ್ ಹೀತ್, ಡೇವಿಡ್ ಕ್ಯಾಮರನ್, ಲಿಜ್ ಟ್ರಸ್, ರಿಷಿ ಸುನಕ್ ಎಲ್ಲರೂ ಅದನ್ನೇ ಓದಿದವರು. ಬೆನಜೀರ್ ಭುಟ್ಟೊ, ಇಮ್ರಾನ್ ಖಾನ್, ಆಂಗ್ ಸಾನ್ ಸೂಚಿ ಕೂಡ. ಒಂದೇ ಕಡೆ ಒಂದೇ ರೀತಿ ಓದಿದವರು ಪಕ್ಷ ಬೇರೆಯಾದರೂ ಒಂದೇ ರೀತಿ ಯೋಚಿಸುವ ಅಪಾಯ ಇದೆ. ವಾರಕ್ಕೊಂದು ಪ್ರಬಂಧ ಬರೆಯುವವರು ಯಾವ ವಿಷಯದ ಮೇಲಾದರೂ ಥಟ್ಟನೆ ಮಾತಾಡುವುದನ್ನು ಕಲಿಯುತ್ತಾರೆ. ಆಳವಾಗಿ ತಿಳಿಯುವುದಕ್ಕೆ ಅಷ್ಟು ಸಮಯ ಸಿಗುವುದಿಲ್ಲ. 2022ರಲ್ಲಿ ಲಿಜ್ ಟ್ರಸ್ ಸರ್ಕಾರ ಹಣ ಎಲ್ಲಿಂದ ಬರುತ್ತದೆ ಎಂದು ಹೇಳದೆ ದೊಡ್ಡ ತೆರಿಗೆ ಕಡಿತ ಘೋಷಿಸಿತು. ಪೌಂಡ್ ಕುಸಿಯಿತು, ಮನೆ ಸಾಲದ ಬಡ್ಡಿ ಏರಿತು. ಇಲ್ಲಿ ಸಾಲ ಮಾಡಿ ಮನೆ ಕೊಂಡಿರುವ ನಮ್ಮಂಥವರಿಗೆ ಅದರ ಬಿಸಿ ಚೆನ್ನಾಗಿ ತಟ್ಟಿತು.

2008ರ ನವೆಂಬರ್‌ನಲ್ಲಿ ರಾಣಿ ಎಲಿಜಬೆತ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದಾಗ, ಇಷ್ಟು ದೊಡ್ಡ ಹಣಕಾಸು ಬಿಕ್ಕಟ್ಟು ಬರುವುದು ಯಾರಿಗೂ ಯಾಕೆ ಕಾಣಲಿಲ್ಲ ಎಂದು ಕೇಳಿದ್ದರು. ಆ ಪ್ರಶ್ನೆ ಇಲ್ಲಿನ ವಿದ್ಯಾರ್ಥಿಗಳನ್ನೂ ಕಾಡಿತು. ಮ್ಯಾಂಚೆಸ್ಟರಿನ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು, ನಮಗೆ ಕಲಿಸುವ ಅರ್ಥಶಾಸ್ತ್ರದಲ್ಲಿ ನಿಜವಾದ ಜಗತ್ತು ಇಲ್ಲ, ಪಠ್ಯ ಬದಲಿಸಿ ಎಂದು ಪಟ್ಟು ಹಿಡಿದರು. ಅದೇ ಸುಮಾರಿಗೆ ಹಲವು ದೇಶಗಳ ಪ್ರಾಧ್ಯಾಪಕರು ಸೇರಿ ಕೋರ್ ಎಂಬ ಹೆಸರಿನಲ್ಲಿ ಹೊಸ ಪಠ್ಯ ಬರೆದು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟರು. ಅಸಮಾನತೆ, ಪರಿಸರ, ಅಧಿಕಾರ ಇವನ್ನೆಲ್ಲ ಅದು ಮೊದಲ ಪಾಠಗಳಲ್ಲೇ ತರುತ್ತದೆ. ಕನ್ನಡದಲ್ಲಿ ಪಠ್ಯ ಕಟ್ಟಲು ಹೊರಡುವ ಮೇಷ್ಟ್ರುಗಳಿಗೆ ಅದು ಒಳ್ಳೆಯ ಆಸರೆ.

ನಮಗೆ ಬೇಕಾದದ್ದು ಆಳುವವರನ್ನು ತಯಾರಿಸುವ ಪದವಿ ಅಲ್ಲ. ಆಳುವವರನ್ನು ಸರಿಯಾಗಿ ಪ್ರಶ್ನೆ ಕೇಳಬಲ್ಲವರ ಪದವಿ. ಅದಕ್ಕೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗಿಂತ ಒಳ್ಳೆಯ ಪಾಠ ಇಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. 2012ರಲ್ಲಿ ಸಂಸತ್ತು ಈ ವಿಧಿಯನ್ನು ಸೇರಿಸುವ ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿತು. ನಮ್ಮ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಓದಿನಲ್ಲಿ ಮತ್ತು ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲು ಬಂತು. ನಮ್ಮ ಹುಡುಗರು ಅದರ ಪ್ರಮಾಣಪತ್ರಕ್ಕಾಗಿ ಓಡಾಡುತ್ತಾರೆ. ಅದರ ಹಿಂದಿನ ವಾದವನ್ನು ಓದುವುದಿಲ್ಲ.

ಒಂದು ಸಲ ಮಗಳು ಇದರ ಬಗ್ಗೆ ಕೇಳಿದಳು. "ಅಪ್ಪಾ, ಚಾಮರಾಜನಗರದಲ್ಲೂ ಬಡವರು ಇದ್ದಾರಲ್ವಾ? ಕಲಬುರಗಿ ಪೇಟೆಯ ಶ್ರೀಮಂತನ ಮಗನಿಗೆ ಈ ಮೀಸಲು ಸಿಗುವುದು, ಅಲ್ಲಿನ ಬಡವನ ಮಗಳಿಗೆ ಸಿಗದಿರುವುದು ಸರೀನಾ?" ಸುಲಭದ ಪ್ರಶ್ನೆ ಅಲ್ಲ. ನಾನು ನನ್ನ ಉತ್ತರ ಹೇಳಿದೆ. ನಿಜಾಮರ ಕಾಲದಲ್ಲಿ ನಮ್ಮ ಭಾಗದಲ್ಲಿ ಕನ್ನಡ ಶಾಲೆಗಳು ಬಹಳ ಕಡಿಮೆ ಇದ್ದವು. ಸ್ವಾತಂತ್ರ್ಯ ನಮಗೆ ಬಂದದ್ದೂ 1948ರ ಸೆಪ್ಟೆಂಬರ್ 17ಕ್ಕೆ. 1956ರಲ್ಲಿ ಏಕೀಕರಣ ಆದಾಗ ಮೈಸೂರು ಭಾಗದವರು ಎಷ್ಟೋ ಹೆಜ್ಜೆ ಮುಂದಿದ್ದರು. ಊರಲ್ಲಿ ಒಳ್ಳೆಯ ಶಾಲೆ, ಆಸ್ಪತ್ರೆ, ಕಾರ್ಖಾನೆ ಇಲ್ಲದಿದ್ದರೆ ಉಳ್ಳವನೂ ಸ್ವಲ್ಪ ಕಳೆದುಕೊಳ್ಳುತ್ತಾನೆ, ಇಲ್ಲದವನು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಹಿಂದುಳಿದಿರುವಿಕೆ ಮನೆಗೂ ಇರುತ್ತದೆ, ನೆಲಕ್ಕೂ ಇರುತ್ತದೆ ಎಂದೆ. ಅವಳು ಪೂರ್ತಿ ಒಪ್ಪಲಿಲ್ಲ. ಅತ್ಯಂತ ಕೆಳಗಿರುವವರಿಗೆ ಲಾಭ ಆಗುವುದಾದರೆ ಮಾತ್ರ ಅಸಮಾನತೆಯನ್ನು ಒಪ್ಪಬಹುದು ಎಂಬ ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್‌ರ ವಾದ ಮುಂದಿಟ್ಟಳು. ಹಾಗಿದ್ದರೆ ಮೀಸಲಿನ ಒಳಗೇ ಯಾದಗಿರಿಯ ಗುಳೆ ಹೋಗುವವರ ಮಕ್ಕಳು ಮೊದಲು ಬರಬೇಕಲ್ಲ ಎಂದಳು. ಈ ವಾದವನ್ನು ನಮ್ಮ ಅಣ್ಣನ ಮಗ ಫೋನಿನಲ್ಲಿ ಕೇಳಿ ತಕ್ಷಣ ಒಪ್ಪಿದ. ಅವನ ಜೊತೆ ಹೈಸ್ಕೂಲಿನಲ್ಲಿದ್ದ ಹುಡುಗರು ಅಪ್ಪ ಅಮ್ಮನ ಜೊತೆ ಪುಣೆಗೆ, ಬೆಂಗಳೂರಿಗೆ ಹೋಗಿ ಶಾಲೆ ಬಿಟ್ಟಿದ್ದನ್ನು ಅವನು ಕಂಡಿದ್ದಾನೆ.

ಮೂರೂ ವಿಷಯಗಳನ್ನು ಒಬ್ಬರೇ ಹಿಡಿದು ನಡೆಸಿದ ಮಹಾಪುರುಷ ನಮ್ಮ ಕಣ್ಣಮುಂದೆ ಇದ್ದಾರೆ. ಅಂಬೇಡ್ಕರ್ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರದ ಜೊತೆ ಜಾನ್ ಡ್ಯೂಯಿ ಅವರ ತತ್ತ್ವಶಾಸ್ತ್ರದ ಪಾಠ ಕೇಳಿದರು. 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಡಿ.ಎಸ್ಸಿ. ಪಡೆದರು. ಅದರ ಜೊತೆಗೆ ಬ್ಯಾರಿಸ್ಟರ್ ಆದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸದ ಬದುಕಿಗೆ ನಾವು ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ಆ ಮಾತು ಒಂದು ವಿಷಯ ಮಾತ್ರ ಓದಿದವರಿಂದ ಬರುವ ಮಾತಲ್ಲ. ನಮ್ಮಲ್ಲಿ ಅವರನ್ನು ರಾಜ್ಯಶಾಸ್ತ್ರದ ಒಂದು ಅಧ್ಯಾಯಕ್ಕೆ ಸೀಮಿತ ಮಾಡಿದ್ದೇವೆ. ಅವರ ಅರ್ಥಶಾಸ್ತ್ರ ಎಷ್ಟು ಬಿ.ಎ. ವಿದ್ಯಾರ್ಥಿಗಳಿಗೆ ಸಿಗುತ್ತದೆ?

ಇದರಿಂದ ನೌಕರಿ ಸಿಗುತ್ತಾ ಎಂದು ಅಣ್ಣ ಕೇಳುತ್ತಾನೆ. ಕೇಳಲೇಬೇಕು, ಹೊಲ ಒತ್ತೆ ಇಟ್ಟು ಓದಿಸುವ ತಂದೆಯಂದಿರ ಪ್ರಶ್ನೆ ಅದು. ನಾನು ಹೇಳುವುದಿಷ್ಟು. 2013ರಿಂದ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ನೀತಿಶಾಸ್ತ್ರಕ್ಕೇ ಒಂದು ಪತ್ರಿಕೆ ಇದೆ. ಉಳಿದ ಪತ್ರಿಕೆಗಳಲ್ಲಿ ಸಂವಿಧಾನ, ಆಡಳಿತ, ಅರ್ಥವ್ಯವಸ್ಥೆ ತುಂಬಿವೆ. ನಮ್ಮ ಹುಡುಗರು ಬಿ.ಎ. ಮುಗಿಸಿ ಧಾರವಾಡಕ್ಕೆ, ಬೆಂಗಳೂರಿಗೆ, ದೆಹಲಿಗೆ ಕೋಚಿಂಗ್‌ಗೆ ಹೋಗುತ್ತಾರೆ. ಬಾಡಿಗೆ ಕೋಣೆಯಲ್ಲಿ ಕೂತು, ಸಾಲದ ದುಡ್ಡಿನಲ್ಲಿ, ಇವೇ ಮೂರು ವಿಷಯಗಳನ್ನು ಮೊದಲಿಂದ ಓದುತ್ತಾರೆ. ಇದನ್ನು ಊರಿನ ಕಾಲೇಜೇ ಕೊಟ್ಟಿದ್ದರೆ ಎಷ್ಟು ವರ್ಷ, ಎಷ್ಟು ದುಡ್ಡು ಉಳಿಯುತ್ತಿತ್ತು! ಪರೀಕ್ಷೆಯಲ್ಲಿ ಪಾಸಾಗದವರೂ ಗ್ರಾಮ ಪಂಚಾಯಿತಿಯಲ್ಲಿ, ಸಹಕಾರಿ ಬ್ಯಾಂಕಿನಲ್ಲಿ, ಪತ್ರಿಕೆಯಲ್ಲಿ ಇದನ್ನೇ ಬಳಸುತ್ತಾರೆ.

ಮೊದಲು ಮೂರೂ ಜಿಲ್ಲೆಗಳಲ್ಲಿ ತಲಾ ಒಂದು ಕಾಲೇಜು ಸಾಕು. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ 2009ರಿಂದ ಇದೆ. ಹೊಸ ಪದವಿಗೆ ಹೊಸ ಕಟ್ಟಡ ಬೇಡ. ಎಚ್‌ಇಪಿಯ ಮೂರೂ ವರ್ಷ ಒಂದು ಸಂಯುಕ್ತ ಪತ್ರಿಕೆ ಇರಲಿ. ಅದನ್ನು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸದ ಮೇಷ್ಟ್ರುಗಳು ಒಂದೇ ತರಗತಿಯಲ್ಲಿ ಒಟ್ಟಿಗೆ ನಿಂತು ಪಾಠ ಮಾಡಲಿ. ತತ್ತ್ವಶಾಸ್ತ್ರ ಬಲ್ಲ ಒಬ್ಬರು ಕಾಯಂ ಆಗಿ ನೇಮಕವಾಗಲಿ. ಮೊದಲ ವರ್ಷಕ್ಕೆ ತೊಗರಿ, ಎರಡನೇ ವರ್ಷಕ್ಕೆ ಹೊಲ ಹಂಚಿಕೆ, ಮೂರನೇ ವರ್ಷಕ್ಕೆ ಗುಳೆ ಮತ್ತು 371(ಜೆ). ವಿದ್ಯಾರ್ಥಿಗಳು ನೆಹರೂ ಗಂಜಿಗೆ ಹೋಗಿ ಅಡತ್ ಅಂಗಡಿಯವರ ಜೊತೆ, ದಾಲ್ ಮಿಲ್ಲಿನವರ ಜೊತೆ ಮಾತಾಡಿ ಬರೆಯಲಿ. ಗ್ರಾಮಸಭೆಯಲ್ಲಿ ಕೂತು ನೋಡಲಿ. ಕನ್ನಡದಲ್ಲೇ ಬರೆಯಲಿ. ಅರ್ಧ ಅಂಕ ಪರೀಕ್ಷೆಗೆ, ಅರ್ಧ ಅಂಕ ಬರೆದದ್ದನ್ನು ಎಲ್ಲರ ಮುಂದೆ ಸಮರ್ಥಿಸಿಕೊಳ್ಳುವುದಕ್ಕೆ.

ಇಲ್ಲಿ ನಮ್ಮ ಭಾಗದ ಕನ್ನಡಿಗರು ಕೆಲವರು ಇದ್ದೇವೆ. ಒಬ್ಬರು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಇಬ್ಬರು ಸ್ಥಳೀಯ ಆಡಳಿತದಲ್ಲಿ ಕೆಲಸ ಮಾಡುತ್ತಾರೆ. ಓದಬೇಕಾದ ಲೇಖನಗಳನ್ನು ಕನ್ನಡಕ್ಕೆ ತಂದು ಕೊಡಲು, ವಾರಕ್ಕೊಂದು ಸಂಜೆ ಆನ್‌ಲೈನಿನಲ್ಲಿ ಹುಡುಗರ ಪ್ರಬಂಧ ಕೇಳಿ ಚರ್ಚೆ ಮಾಡಲು ನಾವು ತಯಾರಿದ್ದೇವೆ. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೇ ಜಾಸ್ತಿ, ಹಾಗಾಗಿ ಯಾವ ಮಾತು ಎಲ್ಲಿ ಕಷ್ಟವಾಗುತ್ತದೆ ಎಂದು ನಮಗೆ ಗೊತ್ತು. ಯಾವುದಾದರೂ ಒಂದು ಕಾಲೇಜಿನ ಪ್ರಾಂಶುಪಾಲರು ಒಪ್ಪಿದರೆ ಈ ಸುಗ್ಗಿಯ ತೊಗರಿ ಗಂಜಿಗೆ ಬರುವ ಹೊತ್ತಿಗೇ ಮೊದಲ ಪ್ರಶ್ನೆಯನ್ನು ಕೊಟ್ಟು ಶುರುಮಾಡಬಹುದು.